ಕಲ್ಯಾಣದುರ್ಗದ ಡ್ರಿಪ್ಪಿನ ಬೇಸಿಗೆ

ಹೋದ ಏಪ್ರಿಲ್‌ನಲ್ಲಿ ಚಿಕ್ಕಪ್ಪನ ಮಗಳ ಗೃಹಪ್ರವೇಶಕ್ಕೆಂದು ಕಲ್ಯಾಣದುರ್ಗಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಹೋಗುವಾಗ, ಯಾವುದೋ ನರ್ಸಿಂಗ್ ಹೋಮಿನ ಮುಂದೆ ಹೆಂಗಸೊಬ್ಬಳು ಮೆಟ್ಟಿಲಿಗೆ ಫಿನಾಯಿಲ್ ಹಾಕಿ ಉಜ್ಜುತ್ತಿದ್ದಳು. ಪಕ್ಕದಲ್ಲೊಂದು ಬೇವಿನ ಮರ, ಕೆಳಗೆಲ್ಲ ಹೂ ಉದುರಿ ಬಿದ್ದಿತ್ತು. ಬೇವಿನ ಹೂವಿನ ವಾಸನೆಯೂ ಫಿನಾಯಿಲಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ಸೆರಗಿನಿಂದ ಮೂಗು ಮುಚ್ಚಿ ಮುಖ ಆಚೆ ತಿರುಗಿಸಿದೆ. ಜೊತೆಗಿದ್ದ ಮಗಳು, "ಏನಾಯ್ತಮ್ಮ, ಬಿಸಿಲು ಹತ್ತಿತಾ?" ಎಂದಳು. ಹೂಂ, ಬಿಸಿಲೇ ಎಂದೆ. ಇಷ್ಟು ವರ್ಷಗಳಾದ ಮೇಲೂ ಆ ಭಯ ನನ್ನ ಮೈಯೊಳಗೆ ಹಾಗೇ ಇದೆ ಎಂದು ಅವಳಿಗೆ ಆಟೋದಲ್ಲಿ ಕೂತು ಹೇಗೆ ಹೇಳಲಿ?

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹಿಂದೂಪುರದಲ್ಲಿ ಮೆಣಸಿನಕಾಯಿ ಮಂಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಕಂಪ್ಯೂಟರ್ ಸೆಂಟರ್ ಇತ್ತು. ಬೆಳಗ್ಗೆ ಪಾಠ, ಮಧ್ಯಾಹ್ನದ ಮೇಲೆ ಹೊರಗಿನವರ ಕೆಲಸ. ಕೆಳಗೆ ಮೂಟೆ ಬಿಚ್ಚಿದರೆ ಮೇಲೆ ನಾವೆಲ್ಲ ಸಾಲಾಗಿ ಸೀನುತ್ತಿದ್ದೆವು. ನಾನು ಅಲ್ಲೇ ಕಲಿತು ಅಲ್ಲೇ ಕೆಲಸಕ್ಕೆ ನಿಂತವಳು. ನನ್ನ ಜೊತೆ ಕಲಿತ ಓಬಳೇಶನಿಗೆ ಕಲ್ಯಾಣದುರ್ಗದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಅದು ದಾನಿಗಳ ನೆರವಿನಿಂದ ನಡೆಯುತ್ತಿದ್ದ ಆಸ್ಪತ್ರೆ. ಕಂಪ್ಯೂಟರುಗಳೂ ಯಾರೋ ಬಳಸಿ ಬಿಟ್ಟು ಕೊಟ್ಟವು. ಅವಕ್ಕೆ ಲೈನಕ್ಸ್ ಹಾಕಿದ್ದೆವು, ಅದಕ್ಕೆ ಕಾಸು ಕೊಡಬೇಕಿರಲಿಲ್ಲ ಎನ್ನುವುದೇ ಮುಖ್ಯ ಕಾರಣ.

ನಮಗೆ ಪಾಠ ಹೇಳಿದ ಮೇಷ್ಟ್ರದ್ದು ಒಂದು ಕಟ್ಟುನಿಟ್ಟು. ಪ್ರೋಗ್ರಾಮ್ ಬರೆಯುವಾಗ ಒಂದೊಂದು ಲೆಕ್ಕಕ್ಕೂ ಒಂದೊಂದು ಫಂಕ್ಷನ್, ಅದಕ್ಕೊಂದು ಹೆಸರು. ಆ ಹೆಸರು ಇಂಗ್ಲಿಷಿನಲ್ಲಿ ಇಡಬೇಡಿ ಎನ್ನುತ್ತಿದ್ದರು. "ಮಿಷನ್ನಿನೊಳಗೆ ಆಗಲೇ ಆ ಹೆಸರಿನವರು ಇರ್ತಾರೆ, ಜಗಳ ಆಗುತ್ತೆ. ಮನೆ ಮಾತಲ್ಲಿ ಇಟ್ಟುಕೊಳ್ಳಿ, ಯಾರ ತಂಟೆಯೂ ಇರಲ್ಲ." ಇಡೀ ಕ್ಲಾಸು ತೆಲುಗಿನಲ್ಲಿ ಬರುವು, ಧರ, ಜೀತಂ ಎಂದು ಹೆಸರಿಟ್ಟಿತು. ಮನೆಯಲ್ಲಿ ಕನ್ನಡ ಆಡುವವರು ಇಬ್ಬರೇ, ಮಡಕಶಿರ ಕಡೆಯ ಓಬಳೇಶ ಮತ್ತು ನಾನು. ನಾವು ಅವನ್ನೇ ತೂಕ, ಬೆಲೆ, ಸಂಬಳ ಎಂದಿಟ್ಟೆವು. "ನಿಮ್ಮಿಬ್ಬರ ಪ್ರೋಗ್ರಾಮಿಗೆ ಬಾರ್ಡರ್ ಚೆಕ್‌ಪೋಸ್ಟಲ್ಲಿ ಟ್ಯಾಕ್ಸ್ ಕಟ್ಟಾಲಿರೋ" ಎಂದು, ತೆರಿಗೆ ಕಟ್ಟಬೇಕು ಎಂದು, ಉಳಿದವರು ಆಡಿಕೊಳ್ಳುತ್ತಿದ್ದರು. ಆಡಿಕೊಂಡರೆ ಆಡಿಕೊಳ್ಳಲಿ, ನಮ್ಮ ಹೆಸರುಗಳಂತೂ ಯಾರಿಗೂ ಢಿಕ್ಕಿ ಹೊಡೆಯುವುದಿಲ್ಲ ಎಂಬ ಧೈರ್ಯ ನಮ್ಮದು.

ಆ ವರ್ಷದ ಚಳಿಗಾಲದಲ್ಲಿ ಆಸ್ಪತ್ರೆಯ ಡಾಕ್ಟರಮ್ಮ ನಮ್ಮ ಸೆಂಟರಿಗೆ ಒಂದು ಕೆಲಸ ಕೊಟ್ಟರು. ಬೇಸಿಗೆ ಬಂದರೆ ಅವರಲ್ಲಿಗೆ ವಾಂತಿಭೇದಿಯ ಮಕ್ಕಳು ಒಂದರ ಹಿಂದೊಂದು ಬರುತ್ತಿದ್ದವು. ಒಂದೊಂದು ಮಗುವಿಗೂ ಅದರ ತೂಕ ನೋಡಿ, ಗಂಟೆಗೆ ಎಷ್ಟು ಡ್ರಿಪ್ ಹೋಗಬೇಕೆಂದು ಲೆಕ್ಕ ಹಾಕಬೇಕು. ಜನ ಜಾತ್ರೆಯ ಹಾಗೆ ನುಗ್ಗಿದಾಗ ಕೈಲೆಕ್ಕ ತಪ್ಪುತ್ತದೆ, ಮಿಷನ್ನಿನಿಂದ ಚೀಟಿ ಬರುವ ಹಾಗೆ ಮಾಡಿಕೊಡಿ ಎಂದರು. ಅವರ ತೂಕದ ಯಂತ್ರ ಹಳೆಯದು. ಮಗುವನ್ನು ದಪ್ಪ ಬಟ್ಟೆಯ ಜೋಲಿಯಲ್ಲಿ ಮಲಗಿಸಿ, ಜೋಲಿಯನ್ನು ಕಬ್ಬಿಣದ ಸರಳಿಗೆ ಕಟ್ಟಿ, ಸರಳನ್ನು ಯಂತ್ರದ ಕೊಕ್ಕೆಗೆ ಸಿಕ್ಕಿಸುತ್ತಿದ್ದರು. ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸುವ ತಿರುಪು ಯಾವ ಕಾಲಕ್ಕೋ ಮುರಿದಿತ್ತು. ಹಾಗಾಗಿ ಮುಳ್ಳು ತೋರಿಸಿದ್ದರಲ್ಲಿ ಜೋಲಿ, ಸರಳುಗಳ ಭಾರವನ್ನು ಕಳೆದರೆ ಮಾತ್ರ ಮಗುವಿನ ತೂಕ ಸಿಗುತ್ತಿತ್ತು. ಹಾಗೆ ಕಳೆಯುವ ಫಂಕ್ಷನ್ನಿಗೆ ನಾನಿಟ್ಟ ಹೆಸರು ತೂಕ.

ಈ ಲೆಕ್ಕವನ್ನೆಲ್ಲ ಸೇರಿಸಿ ನಾನು ಒಂದು ಶೇರ್ಡ್ ಲೈಬ್ರರಿ ಮಾಡಿದೆ. ಅಂದರೆ ಲೆಕ್ಕಗಳು ಬೇರೆಯದೇ ಒಂದು ಫೈಲಿನಲ್ಲಿರುತ್ತವೆ. ಆಸ್ಪತ್ರೆಯ ಪ್ರೋಗ್ರಾಮ್ ಶುರುವಾದ ಗಳಿಗೆಯಲ್ಲಿ ಆ ಫೈಲನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತದೆ. ಮುಂದೆ ಡಾಕ್ಟರಮ್ಮ ಲೆಕ್ಕದ ರೀತಿ ಬದಲಿಸಿದರೆ ಆ ಒಂದು ಫೈಲನ್ನು ಫ್ಲಾಪಿಯಲ್ಲಿ ಕಳಿಸಿದರೆ ಸಾಕು, ಮಿಕ್ಕಿದ್ದನ್ನು ಮುಟ್ಟಬೇಕಾಗಿಲ್ಲ. ಮುಖ್ಯ ಪ್ರೋಗ್ರಾಮ್ ಓಬಳೇಶನದು, ಲೈಬ್ರರಿ ನನ್ನದು. ಮಾರ್ಚಿನಲ್ಲಿ ನಾನೇ ಹೋಗಿ ಹಾಕಿಕೊಟ್ಟೆ. ಡಾಕ್ಟರಮ್ಮ ಒಂದಷ್ಟು ಚೀಟಿಗಳನ್ನು ಪೆನ್ನು ಹಿಡಿದು ತಾಳೆ ನೋಡಿ, "ಕರೆಕ್ಟುಗಾ ಉಂದಿ" ಎಂದರು. ಎಲ್ಲವೂ ಸರಿ ಇತ್ತು.

ಆದರೆ ಆ ಆಸ್ಪತ್ರೆಯ ಭಯ ನನಗೆ ಹತ್ತಿದ್ದು ಆಗಲೇ. ಯುಗಾದಿಗೆ ಮುಂಚೆಯೇ ಬಾವಿಗಳು ತಳ ಕಂಡಿದ್ದವು. ಟ್ಯಾಂಕರಿನ ನೀರು ಕುಡಿದ ಊರುಗಳಿಂದ ಬಸ್ಸಿನಲ್ಲಿ, ಟ್ರ್ಯಾಕ್ಟರಿನಲ್ಲಿ ತಾಯಂದಿರು ಮಕ್ಕಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಮಂಚ ಸಾಲದೆ ವರಾಂಡದಲ್ಲಿ ಚಾಪೆ ಹಾಸಿ, ಡ್ರಿಪ್ ಬಾಟಲಿಗಳನ್ನು ಕಿಟಕಿ ಸರಳಿಗೆ ತೂಗುಹಾಕಿದ್ದರು. ನರ್ಸ್ ಸುಗುಣಮ್ಮ ಒಂದು ಕೂಸಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಟ್ಟರು, ಅದು ಮಡಿಸಿದ ಬಟ್ಟೆಯ ಹಾಗೆ ಅಲ್ಲೇ ನಿಂತಿತು. ಕಣ್ಣು ಒಳಗೆ ಹೋಗಿತ್ತು, ಅಳುವುದಕ್ಕೂ ಅದರಲ್ಲಿ ನೀರಿರಲಿಲ್ಲ. ನನ್ನ ಚೀಟಿ ಹೋಗಿ ನಿಲ್ಲುವುದು ಇಂಥದ್ದರ ಕೈಯ ನರದಲ್ಲಿ ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಅವತ್ತು ಊಟ ಸೇರಲಿಲ್ಲ.

ಏಪ್ರಿಲ್ ಕೊನೆಯ ಒಂದು ಬೆಳಗ್ಗೆ ಕೆಳಗಿನ ಮಂಡಿಯ ಸೇಠು ಮೆಟ್ಟಿಲ ಬುಡದಿಂದ ಕೂಗಿದ. ನಮಗೆ ಫೋನಿರಲಿಲ್ಲ, ಅವನದೇ ಆಧಾರ. "ವನಜಮ್ಮಾ, ಕಲ್ಯಾಣದುರ್ಗಂ ನುಂಚಿ ಫೋನು. ಆ ಹುಡುಗ ಏನೋ ಗಾಬರಿ ಆಗಿದಾನೆ, ಬೇಗ ಬಾ."

ಓಬಳೇಶನ ದನಿ ಗುರುತೇ ಸಿಗಲಿಲ್ಲ. "ವನಜಾ, ಒಂದು ಮಗೀಗೆ ಮಖ ಎಲ್ಲ ಊದ್ಕಂಡೈತೆ. ರೆಪ್ಪೆ ತೆಗ್ಯಾಕೆ ಆಗ್ತಿಲ್ಲ. ಉಸುರು ಎಳೀತೈತೆ. ಡಾಕ್ಟರಮ್ಮ ಕೈಯಾಗೆ ಲೆಕ್ಕ ಹಾಕ್ ನೋಡಿದ್ರು. ಚೀಟಿಯಾಗೆ ಜಾಸ್ತಿ ಬಂದ್ಬುಟ್ಟೈತೆ ಕಣೆ, ನೀರು ಜಾಸ್ತಿ ಹೋಗೈತೆ."

"ಎಷ್ಟು ತೋರಿಸ್ತು ತಕ್ಕಡಿ? ನಂಬರು ಹೇಳು."

ಹೇಳಿದ. ಮೆಣಸಿನಕಾಯಿ ಮೂಟೆಗಳ ಮಧ್ಯೆ ನಿಂತು ಅದನ್ನು ಕೈಮೇಲೆ ಬರೆದುಕೊಂಡು ಮೆಟ್ಟಿಲು ಹತ್ತಿ ಓಡಿದೆ. ನಮ್ಮ ಮಿಷನ್ನಿನಲ್ಲಿ ಅದೇ ಲೈಬ್ರರಿಗೆ ಅದೇ ನಂಬರು ಕೊಟ್ಟೆ. ಉತ್ತರ ಸರಿಯಾಗಿ ಬಂತು. ಮತ್ತೆ ಕೊಟ್ಟೆ, ಮತ್ತೆ ಸರಿ. ತಪ್ಪು ಬಂದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ, ಎಲ್ಲಿ ಎಂದು ಹುಡುಕಬಹುದಿತ್ತು. ಇಲ್ಲಿ ಸರಿಯಾಗಿರುವುದು ಅಲ್ಲಿ ಹೋಗಿ ಮಗುವಿನ ಮುಖ ಊದಿಸಿದೆ ಎಂದರೆ ಏನನ್ನು ನಂಬುವುದು? ಕೆಳಗೆ ಬಂದು ಫೋನಿನಲ್ಲಿ, "ಮಿಷನ್ ನಿಲ್ಲಿಸು, ಚೀಟಿ ಯಾರಿಗೂ ಕೊಡಬೇಡ, ನಾನು ಬರ್ತಿದೀನಿ" ಎಂದೆ. "ಡಾಕ್ಟರಮ್ಮ ಆಗ್ಲೇ ನಿಲ್ಸಿದಾರೆ. ಬಿರ್ನೆ ಬಾ" ಎಂದ.

ಸೋಮಂದೇಪಲ್ಲಿ, ಪೆನುಕೊಂಡ, ಅಲ್ಲಿ ಬಸ್ಸು ಬದಲಾಯಿಸಿ ಮುಂದಕ್ಕೆ. ಕಿಟಕಿಯಿಂದ ಬೆಂಕಿಯಂಥ ಗಾಳಿ. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ತೊಡೆಯ ಮೇಲೆ ಕೂಸೊಂದು ಮಲಗಿತ್ತು. ನಿದ್ದೆಯಲ್ಲಿ ಅದರ ಕಾಲು ಜಾರಿ ನನ್ನ ಮಡಿಲಿಗೆ ಬಂತು. ತಾಯಿ ನಕ್ಕು, "ಉಂಡನಿವ್ವಮ್ಮ" ಎಂದಳು, ಇರಲಿ ಬಿಡಮ್ಮ ಎಂದು. ಆ ಪುಟ್ಟ ಹಿಮ್ಮಡಿಯ ಭಾರ ತೊಡೆಯ ಮೇಲೆ ತಿಳಿಯುತ್ತಿತ್ತು. ಇದು ಎಷ್ಟು ತೂಗಬಹುದು, ಇದಕ್ಕೆ ಎಷ್ಟು ನೀರು, ಅದರ ಮೇಲೆ ಎಷ್ಟು ಹೋದರೆ ಎದೆಯೊಳಗೆ ತುಂಬಿಕೊಳ್ಳುತ್ತದೆ ಎಂದು ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕತೊಡಗಿತು. ನಿಲ್ಲಿಸಲು ಆಗಲೇ ಇಲ್ಲ. ಮಗು ಸತ್ತರೆ ಏನು ಮಾಡುತ್ತೀಯ, ಅದರ ತಾಯಿಗೆ ಏನು ಹೇಳುತ್ತೀಯ ಎಂಬುದೊಂದೇ ಮಾತು ದಾರಿಯುದ್ದಕ್ಕೂ ಕೇಳುತ್ತಿತ್ತು.

ಆಸ್ಪತ್ರೆ ಮುಟ್ಟಿದಾಗ ಮಗು ಬದುಕಿತ್ತು. ನೀರಿಳಿಯುವ ಇಂಜೆಕ್ಷನ್ ಕೊಟ್ಟಿದ್ದರು. ಎರಡು ಸಲ ಮೂತ್ರ ಮಾಡಿದೆ, ಉಸಿರು ಹಗುರವಾಗಿದೆ ಎಂದು ಸುಗುಣಮ್ಮ ಬಾಗಿಲಲ್ಲೇ ಹೇಳಿದರು. ನನ್ನ ಮುಖ ನೋಡಿಯೇ ಅವರು ಮೊದಲು ಅದನ್ನು ಹೇಳಿರಬೇಕು. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಚೂಡಮ್ಮಾ ವನಜಾ, ನನಗೆ ಒಂದೇ ಒಂದು ವಿಷಯ ಬೇಕು. ಈ ಮಿಷನ್ ಈ ಒಂದು ಮಗುವಿಗೆ ತಪ್ಪು ಹೇಳಿದೆಯಾ, ಅಂದರಿಕೀನಾ?" ಎಂದು ಕೇಳಿದರು. ಎಲ್ಲರಿಗೂ ಹೇಳಿದೆಯಾ ಎಂದು. ಅದು ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ.

ಓಬಳೇಶನ ಕೋಣೆಯಲ್ಲಿ ಕೂತೆವು. ಅವನು ತನ್ನ ಪ್ರೋಗ್ರಾಮ್ ಓಡಿಸಿದ, ಅದೇ ನಂಬರು ಕೊಟ್ಟ, ಉತ್ತರ ತಪ್ಪು. ನಾನು ಹತ್ತು ಸಾಲಿನ ಒಂದು ಪುಟ್ಟ ಪ್ರೋಗ್ರಾಮ್ ಬರೆದು, ಅದೇ ಮಿಷನ್ನಿನಲ್ಲಿ, ಅದೇ ಲೈಬ್ರರಿಯನ್ನು ಕರೆಸಿದೆ. ಉತ್ತರ ಸರಿ. ಅವನು ಕರೆದರೆ ತಪ್ಪು, ನಾನು ಕರೆದರೆ ಸರಿ. "ಇದೇನ್ ದೆವ್ವ ಗಿವ್ವ ಹಿಡ್ಕಂಡೈತೇನೆ?" ಎಂದ ಓಬಳೇಶ. ನಗಿಸಲಿಕ್ಕೆಂದು ಹೇಳಿದ್ದಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಗೋಡೆಯಾಚೆ ಮಕ್ಕಳು ಅಳುವುದನ್ನು ಕೇಳುತ್ತಾ ಕತ್ತಲ ಪರದೆಯನ್ನು ನೋಡಿಕೊಂಡು ಕೂತೆವು. ಕರೆಂಟು ಬಂತು, ಮಿಷನ್ ಮೇಲೇಳುವವರೆಗೆ ಕಾದೆವು, ಮತ್ತೆ ಹೋಯಿತು.

ಮೂರನೆಯ ಸಲ ಕರೆಂಟು ಬಂದು ಹೋಗದೆ ಉಳಿದಾಗ ನನಗೊಂದು ಹೊಳೆಯಿತು. ನನ್ನ ತೂಕ ಫಂಕ್ಷನ್ನಿನ ಒಳಗೆ, "ಬಂದೆ" ಎಂದು ಪರದೆಯ ಮೇಲೆ ಬರೆಯುವ ಒಂದು ಸಾಲು ಸೇರಿಸಿದೆ. ಲೆಕ್ಕ ಎಲ್ಲಿ ಹಾದಿ ತಪ್ಪುತ್ತಿದೆ ಎಂದು ತಿಳಿಯಲು ಅದು ನಮ್ಮ ರೂಢಿ. ಲೈಬ್ರರಿ ಹೊಸದಾಗಿ ಕಟ್ಟಿ, ಓಬಳೇಶನ ಪ್ರೋಗ್ರಾಮ್ ಓಡಿಸಿದೆವು. ಉತ್ತರ ಬಂತು, ಅದೇ ತಪ್ಪು ಉತ್ತರ. ಆದರೆ "ಬಂದೆ" ಬರಲಿಲ್ಲ. ಇನ್ನೊಮ್ಮೆ ಓಡಿಸಿದೆವು. ಇಲ್ಲ. ನನ್ನ ಲೈಬ್ರರಿ ತನ್ನ ಪಕ್ಕದಲ್ಲೇ ಇರುವ ತೂಕವನ್ನು ಕರೆಯುತ್ತಿದೆ, ಯಾರೋ ಓಗೊಡುತ್ತಿದ್ದಾರೆ, ಹಾಗೆ ಓಗೊಡುತ್ತಿರುವುದು ನನ್ನ ತೂಕ ಅಲ್ಲ.

"ಓಬಳೇಶ, ನಿನ್ನ ಪ್ರೋಗ್ರಾಮಲ್ಲಿ ತೂಕ ಅಂತ ಏನಾದ್ರೂ ಇಟ್ಟಿದೀಯಾ?"

ಅವನು ಪರದೆ ಬಿಟ್ಟು ನನ್ನತ್ತ ತಿರುಗಿದ. "ಹೋದ ವಾರ ಸ್ಟೋರಿಂದು ಸೇರ್ಸಿದ್ನಲ್ಲ... ಔಷಧಿ ಡಬ್ಬ ಎಲ್ಲಾ ಪಾರ್ಸಲ್ ಕಳಿಸ್ತಾರೆ, ಅದರ ಲೆಕ್ಕಕ್ಕೆ ಅಂತ... ಪಾರ್ಸಲ್ ಆಫೀಸ್ನೋರು ಗ್ರಾಮ್ ಲೆಕ್ಕ ಹಿಡಿಯಾಕಿಲ್ಲ, ಚೂರು ಹೆಚ್ಚಿದ್ರೂ ಮುಂದಿನ ಕೆಜಿಗೆ ಹಾಕ್ತಾರೆ. ಹಂಗೇ ಮಾಡೋ ಫಂಕ್ಷನ್ನು. ಅದ್ಕೆ ತೂಕ ಅಂತ ಇಕ್ಕಿದೀನಿ." ಪರದೆಯ ಮೇಲೆ ಆ ಹೆಸರನ್ನು ತೆಗೆದು ತೋರಿಸಿ, "ಮೇಷ್ಟ್ರು ಮನೆ ಮಾತಾಗೆ ಇಕ್ರಿ ಅಂದಿದ್ರಲ್ಲ" ಎಂದ.

ಕ್ಲಾಸಿನ ಬೇರೆ ಯಾರೇ ಆಗಿದ್ದರೂ ಅದು ಬರುವು ಆಗುತ್ತಿತ್ತು, ಏನೂ ಆಗುತ್ತಿರಲಿಲ್ಲ. ಇಡೀ ತರಗತಿಯಲ್ಲಿ ಆ ಹೆಸರು ಇಡಬಹುದಾದ ಇಬ್ಬರೂ ಒಂದೇ ಆಸ್ಪತ್ರೆಯ ಮಿಷನ್ನಿನೊಳಗೆ ಬಂದು ಸೇರಿದ್ದೆವು. ಮಿಷನ್ನಿನದೇನೂ ತಪ್ಪಿರಲಿಲ್ಲ. ಪ್ರೋಗ್ರಾಮ್ ಶುರುವಾದಾಗ ಅದು ಪ್ರತಿ ಹೆಸರನ್ನೂ ಮೊದಲು ಮುಖ್ಯ ಪ್ರೋಗ್ರಾಮಿನಲ್ಲಿ ಹುಡುಕುತ್ತದೆ, ಅಲ್ಲಿ ಸಿಗದಿದ್ದರೆ ಆಮೇಲೆ ಲೈಬ್ರರಿಗೆ ಬರುತ್ತದೆ. ಲೈಬ್ರರಿಯೊಳಗಿನ ಹೆಸರುಗಳನ್ನು ಬಚ್ಚಿಡು ಎಂದು ನಾವಾಗಿ ಹೇಳದಿದ್ದರೆ ಎಲ್ಲವನ್ನೂ ಬೀದಿಗೆ ತೆರೆದಿಟ್ಟಿರುತ್ತದೆ. ಎರಡು ಕಡೆ ಒಂದೇ ಹೆಸರಿದ್ದರೆ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಮೊದಲು ಸಿಕ್ಕಿದ್ದನ್ನು ಹಿಡಿದು ಮುಂದಕ್ಕೆ ಹೋಗುತ್ತದೆ. ನಮ್ಮ ಮಹಡಿಯ ಪಾಠ ಅಲ್ಲಿಯವರೆಗೆ ಹೋಗಿರಲಿಲ್ಲ.

ಜೊತೆಗೆ ತಂದಿದ್ದ ದಪ್ಪ ಮ್ಯಾನ್ಯುಯಲ್ ಪ್ರಿಂಟ್‌ಔಟಿನಲ್ಲಿ ಹುಡುಕಿದೆ. ಲೈಬ್ರರಿ ಕಟ್ಟುವಾಗ ಜೊತೆಗೊಂದು ಚಿಕ್ಕ ಫೈಲ್ ಕೊಡಬಹುದಿತ್ತು. ಹೊರಗಿನವರಿಗೆ ಕಾಣಬೇಕಾದ ಹೆಸರು ಇದೊಂದೇ, ಉಳಿದದ್ದೆಲ್ಲ ಒಳಗಿನದು ಎಂದು ಅದರಲ್ಲಿ ಬರೆಯಬೇಕು. ನಾಲ್ಕು ಸಾಲು. ಚೀಟಿಯ ಲೆಕ್ಕದ ಹೆಸರೊಂದನ್ನು ಹೊರಗೆ ಬಿಟ್ಟು, ತೂಕವೂ ಸೇರಿದಂತೆ ಮಿಕ್ಕಿದ್ದನ್ನೆಲ್ಲ ಒಳಗೆ ಹಾಕಿ ಬಾಗಿಲು ಮುಚ್ಚಿದೆ. ಮತ್ತೆ ಕಟ್ಟಿ ಓಡಿಸಿದೆವು. ಪರದೆಯ ಮೇಲೆ "ಬಂದೆ" ಎಂದು ಬಂತು, ಅದರ ಕೆಳಗೆ ಸರಿಯಾದ ಉತ್ತರ. ಓಬಳೇಶ ಮೇಜಿಗೆ ತಲೆಯಿಟ್ಟು ಅತ್ತುಬಿಟ್ಟ. ನನಗೆ ಅಳುವೂ ಬರಲಿಲ್ಲ, ಸಮಾಧಾನವೂ ಆಗಲಿಲ್ಲ. ಡಾಕ್ಟರಮ್ಮ ಕೇಳಿದ ಪ್ರಶ್ನೆಗೆ ಈಗ ಉತ್ತರ ಗೊತ್ತಾಗಿತ್ತು. ಹೋದ ವಾರದಿಂದ ಈಚೆಗೆ ಆ ಜೋಲಿಯಲ್ಲಿ ಮಲಗಿದ ಎಲ್ಲ ಮಕ್ಕಳಿಗೂ ತಪ್ಪು ಚೀಟಿ ಹೋಗಿತ್ತು. ಜೋಲಿ, ಸರಳುಗಳ ಭಾರವನ್ನು ಕಳೆದಿಲ್ಲ, ಅದರ ಮೇಲೆ ಮುಂದಿನ ಕೆಜಿಗೆ ಏರಿಸಿದೆ. ದೊಡ್ಡ ಮಕ್ಕಳಿಗೆ ಅದು ತಡೆಯುತ್ತದೆ. ಮಗು ಚಿಕ್ಕದಾದಷ್ಟೂ ಅಪಾಯ ಹೆಚ್ಚು.

ಇಬ್ಬರೂ ಹೋಗಿ ಡಾಕ್ಟರಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಅವರು, "ಪಾರ್ಸಲ್ಲಾ?" ಎಂದು ಒಂದು ಸಲ ಕೇಳಿ ಎದ್ದರು. ಆಮೇಲೆ ವಾರ್ಡು ಪೂರ್ತಿ ಅವರ ಹಿಂದೆ ನಡೆದೆ. ಒಂದೊಂದು ಮಗುವಿನ ರೆಪ್ಪೆ ನೋಡಿ, ಪಾದ ಒತ್ತಿ ನೋಡಿ, ಎದೆಗೆ ಸ್ಟೆತಸ್ಕೋಪ್ ಇಟ್ಟು ಕಣ್ಣು ಮುಚ್ಚಿ ಕೇಳುವರು. ಅವರು ಕಣ್ಣು ತೆರೆಯುವವರೆಗೆ ನಾನು ಉಸಿರು ಹಿಡಿದು ನಿಲ್ಲುವೆ. ತಲೆಯಾಡಿಸಿ ಮುಂದಿನ ಚಾಪೆಗೆ ಹೋಗುವರು. ಎಲ್ಲ ಮಕ್ಕಳೂ ಸರಿಯಾಗಿದ್ದವು. ಚೇತರಿಸಿಕೊಂಡು ಮನೆಗೆ ಹೋದವರನ್ನು ಕಳಿಸುವ ಮೊದಲು ಡಾಕ್ಟರಮ್ಮ ತಾವೇ ನೋಡಿದ್ದರು. ಸುಗುಣಮ್ಮ ತಟ್ಟನೆ ನಿಂತರು.

"ಮೇಡಂ, ಆ ಮೂಲೆ ಪಾಪ. ಕುಂದುರ್ಪಿ ಕಡೆದು. ಎಲ್ಲರಿಗಿಂತ ಸಣ್ಣದು. ಮೊನ್ನೆ ನೀವು ಅನಂತಪುರಕ್ಕೆ ಹೋಗಿದ್ದಾಗ ಊರಿಂದ ಯಾರೋ ಸೈಕಲ್ ಮೇಲೆ ಬಂದು ಏನೋ ಅಂದನಂತೆ. ಆ ತಾಯಿ ಸೂಜಿ ತೆಗೆಸ್ಕೊಂಡು, ಹೇಳದೆ ಕೇಳದೆ ಹೊರಟೇಬಿಟ್ಟಳಂತೆ. ಎಷ್ಟು ಬಾಟಲು ಹೋಗಿತ್ತೋ ನಾನು ನೋಡಲಿಲ್ಲ, ಆ ಹೊತ್ತಿಗೆ ವರಾಂಡದ ಮಕ್ಕಳ ಹತ್ತಿರ ಇದ್ದೆ."

"ಪಾಪ ಪೇರು?" ಎಂದು ಡಾಕ್ಟರಮ್ಮ ಮಗುವಿನ ಹೆಸರು ಕೇಳಿದರು. ರಿಜಿಸ್ಟರು ತೆರೆದು, ಊರನ್ನೂ ಗುರುತು ಹಾಕಿಕೊಂಡು, ಈರನಾಗಮ್ಮ ಎಂದರು ಸುಗುಣಮ್ಮ.

ಆಸ್ಪತ್ರೆಯ ಜೀಪಿನಲ್ಲಿ ಸುಗುಣಮ್ಮ, ಓಬಳೇಶ, ನಾನು ಹೊರಟೆವು. ಇಂಜೆಕ್ಷನ್ನಿನ ಡಬ್ಬಿ ಸುಗುಣಮ್ಮನ ಮಡಿಲಲ್ಲಿತ್ತು. ಬಿಸಿಲು ಇನ್ನೂ ಇಳಿದಿರಲಿಲ್ಲ. ಉಳುಮೆಗೆ ಕಾದು ಬಿದ್ದಿದ್ದ ಕೆಂಪು ಹೊಲಗಳ ಮಧ್ಯೆ ಗಾಡಿದಾರಿ. ಜೀಪು ಎತ್ತಿ ಹಾಕಿದಾಗಲೆಲ್ಲ ಡಬ್ಬಿಯೊಳಗೆ ಗಾಜು ಕಿಣಿಕಿಣಿ ಅನ್ನುತ್ತಿತ್ತು. ನಾನು ಮನಸ್ಸಿನಲ್ಲಿ ಆ ಮಗುವಿನ ಮುಖ ಹೇಗಾದರೂ ಕಲ್ಪಿಸಿಕೊಳ್ಳಲು ನೋಡುತ್ತಿದ್ದೆ, ಬಸ್ಸಿನ ಕೂಸಿನ ಹಿಮ್ಮಡಿಯಲ್ಲದೆ ಬೇರೇನೂ ಕಣ್ಣಿಗೆ ಬರುತ್ತಿರಲಿಲ್ಲ. ಒಂದು ಸಲವಾದರೂ ಅದು ಮೂತ್ರ ಮಾಡಿರಲಿ ದೇವರೇ ಎಂದು ಬೇಡಿಕೊಂಡೆ. ಜನ್ಮದಲ್ಲಿ ಅಂಥದ್ದೊಂದನ್ನು ಅಷ್ಟು ಭಕ್ತಿಯಿಂದ ಬೇಡಿಕೊಂಡದ್ದು ಅದೇ ಮೊದಲು.

ಊರ ಬಾಗಿಲ ಅರಳಿಕಟ್ಟೆಯ ಮೇಲೆ ನಾಲ್ಕೈದು ಜನ ಗಂಡಸರು ಕೂತಿದ್ದರು. ಓಬಳೇಶ ಇಳಿದು ಕೇಳಿದ.

"ಅಣ್ಣಾ, ಈರನಾಗಮ್ಮನ ಮನೆ ಯಾವ್ದು?"

ಅವರಲ್ಲೊಬ್ಬರು ಹೆಗಲ ಮೇಲಿನ ಟವೆಲ್ ತೆಗೆದರು. "ಈರನಾಗಮ್ಮನ ಮನೇಗಾ? ತಡ ಮಾಡ್ಬುಟ್ರಲ್ಲಪ್ಪ. ನಿನ್ನೆ ಮಣ್ಣು ಮಾಡಿ ಬಂದ್ವಲ್ಲ."

ಓಬಳೇಶ ನಿಂತಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ನನಗೆ ಜೀಪಿನ ಬಾಗಿಲು ಹಿಡಿದದ್ದು ನೆನಪಿದೆ, ಅದರ ಕಬ್ಬಿಣ ಸುಡುತ್ತಿದ್ದದ್ದು ನೆನಪಿದೆ, ಕೈ ಬಿಡಬೇಕೆಂದು ತೋಚದೇ ಇದ್ದದ್ದು ನೆನಪಿದೆ. ಕಟ್ಟೆಯವರು ಏನೇನೋ ಹೇಳುತ್ತಿದ್ದರು, ಒಂದೂ ಕಿವಿಗೆ ಹೋಗಲಿಲ್ಲ. ಸುಗುಣಮ್ಮ ನನ್ನ ರಟ್ಟೆ ಹಿಡಿದು, "ಹೋಗೋಣ ನಡಿ. ಹೋಗಿ ಹೇಳ್ಬೇಕಲ್ಲ" ಎಂದರು. ಹೋಗಬಾರದು, ಜೀಪು ತಿರುಗಿಸಿ ಎಂದು ನನ್ನ ಇಡೀ ಮೈ ಕೂಗುತ್ತಿತ್ತು. ಕಾಲು ಮಾತ್ರ ಅವರ ಹಿಂದೆ ಹೋಯಿತು.

ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ, ಕೆಳಗೆ ಮುದುಕರೊಬ್ಬರು ಗೋಡೆಗೊರಗಿ ಕೂತಿದ್ದರು. ಬಾಗಿಲ ಒಳಗೆ ನೆಲದ ಮೇಲೆ ಒಂದು ದೀಪ ಉರಿಯುತ್ತಿತ್ತು. ನಮ್ಮನ್ನು ಕಂಡು ಒಬ್ಬ ಹೆಂಗಸು ಎದ್ದು ಬಂದಳು, ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಅವಳ ಸೊಂಟದ ಮೇಲೆ, ಕೈಯಲ್ಲಿ ರೊಟ್ಟಿಯ ಚೂರು ಹಿಡಿದು ಚೀಪುತ್ತಾ, ಒಂದು ಮಗು ನಮ್ಮನ್ನು ನೋಡುತ್ತಿತ್ತು. ಕೈಯ ಹಿಂಬದಿಯಲ್ಲಿ ಪ್ಲಾಸ್ಟರಿನ ಗುರುತು ಇನ್ನೂ ಇತ್ತು.

"ಇದೇ ಪಾಪ" ಎಂದರು ಸುಗುಣಮ್ಮ. "ಇದೇ ಕಣಮ್ಮ, ಇದೇ."

"ಮತ್ತೆ ಈರನಾಗಮ್ಮ ಅಂದ್ರೆ?" ಎಂದೆ ನಾನು. ಆ ಹೆಂಗಸು ಸೆರಗನ್ನು ಬಾಯಿಗೆ ಹಿಡಿದು ತಲೆ ತಗ್ಗಿಸಿದಳು. ಚಪ್ಪರದ ಕೆಳಗಿನ ಮುದುಕರು ಮಾತಾಡಿದರು. "ನನ್ ಹೆಂಡ್ತಿ ಕಣಮ್ಮ. ಅವಳ ಹೆಸರೇ ಈ ಮಗೀಗೂ ಇಕ್ಕಿರಾದು. ಸೊಸೆ ಬಾಯಾಗೆ ಅತ್ತೆ ಹೆಸರು ಬರಂಗಿಲ್ವಲ್ಲ, ಅದ್ಕೇ ಮನ್ಯಾಗೆ ಚಿನ್ನಿ ಚಿನ್ನಿ ಅಂತ ಕೂಗ್ತಾರೆ. ಆಸ್ಪತ್ರ್ಯಾಗೆ ಮಾತ್ರ ನನ್ ಮಗ ಪೂರ್ತಿ ಹೆಸರು ಬರ್ಸವ್ನೆ."

ನಾನು ಹೊಸ್ತಿಲ ಮೇಲೆ ಕೂತೆ. ಸಾವಿನ ಮನೆಯಲ್ಲಿ ನನಗೆ ಸಂತೋಷವಾಗಿತ್ತು. ಅದನ್ನು ಬೇರ್ಯಾವ ಹೆಸರಿನಿಂದಲೂ ಕರೆಯಲಾರೆ. ಒಬ್ಬ ಮುದುಕಿ ಸತ್ತದ್ದಕ್ಕೆ ಎದೆ ತುಂಬಿ ಬಂದು ಅಳುತ್ತಿದ್ದೆ, ಆ ಮನೆಯ ಹೆಂಗಸರು ನನಗೆ ನೀರು ತಂದು ಕೊಟ್ಟು ಸಮಾಧಾನ ಮಾಡುತ್ತಿದ್ದರು. ಸುಗುಣಮ್ಮ ಮಗುವನ್ನು ಈಸಿಕೊಂಡು ಪಾದ ಒತ್ತಿದರು, ರೆಪ್ಪೆ ನೋಡಿದರು, ಎದೆಗೆ ಕಿವಿ ಹಚ್ಚಿದರು. ಮೂತ್ರ ಸರಿಯಾಗಿ ಮಾಡ್ತಿದೆಯಾ ಎಂದು ಕೇಳಿದರು. ಮಾಡುತ್ತಿದೆ, ಇಗೋ ನನ್ನ ಸೀರೆಯೇ ಒದ್ದೆ ಎಂದಳು ತಾಯಿ.

ಆಮೇಲೆ ಅವಳು ಕೈ ಮುಗಿದು ನಿಂತಳು. ನಾವು ಜಗಳಕ್ಕೆ ಬಂದಿದ್ದೇವೆಂದು ತಿಳಿದಿದ್ದಳು. "ಬೈಬ್ಯಾಡ್ರಿ ಸಿಸ್ಟ್ರಮ್ಮ. ಬಾಟ್ಲು ಇನ್ನಾ ಅರ್ಧಕ್ಕಿಂತ ಜಾಸ್ತಿ ಇತ್ತು. ಅತ್ತೆಮ್ಮ, ಚಿನ್ನೀನ ನೋಡ್ಬೇಕು, ಕರ್ಕಂಬರ್ರಿ ಅಂತ ಒಂದೇ ಹಟ ಹಿಡಿದ್ರಂತೆ. ಆಳು ಬಂದು ಹೇಳಿದ್ ತಕ್ಷಣ ಸೂಜಿ ಕೀಳಿಸ್ಕಂಡು ಓಡಿ ಬಂದ್ಬುಟ್ಟೆ. ನಾವು ಬಂದು, ಅವರು ಮಗೀನ ಮುಟ್ಟಿ ನೋಡಿ, ಆಮೇಲೇ ಉಸುರು ಬಿಟ್ರು. ಡಾಕ್ಟರಮ್ಮಂಗೆ ಹೇಳ್ರಿ, ಬೇಕು ಅಂತ ಮಾಡ್ಲಿಲ್ಲ. ಪೂರ್ತಿ ಹಾಕಿಸ್ದೆ ಬಂದಿದ್ದು ತಪ್ಪಾಯ್ತು."

ಇದನ್ನು ಕೇಳಿಸಿಕೊಂಡು ಸುಮ್ಮನಿರಲು ನನ್ನಿಂದಾಗಲಿಲ್ಲ. ಎದ್ದು ನಿಂತು ಹೇಳಿದೆ. "ತಪ್ಪು ನಿಮ್ಮದಲ್ಲಮ್ಮ. ಆ ಚೀಟಿ ತಪ್ಪಿತ್ತು. ನಮ್ಮ ಮಿಷನ್ ಮಗುವಿನ ತೂಕ ಜಾಸ್ತಿ ಹಿಡಿದು, ನೀರು ಜಾಸ್ತಿ ಬರೆದಿತ್ತು. ಇನ್ನೊಂದು ಮಗು ಅದನ್ನ ಪೂರ್ತಿ ಹಾಕಿಸಿಕೊಂಡು ಬೆಳಗ್ಗೆ ಸಾಯೋ ಹಾಗಾಗಿತ್ತು. ಚಿನ್ನಿ ಅದಕ್ಕಿಂತ ಸಣ್ಣದು. ಆ ಬಾಟ್ಲು ಪೂರ್ತಿ ಹೋಗಿದ್ದಿದ್ರೆ..."

ಹೊಡೆದರೆ ಹೊಡೆಸಿಕೊಳ್ಳಬೇಕು ಎಂದು ನಿಂತಿದ್ದೆ. ಅವಳು ಹೊಡೆಯಲಿಲ್ಲ. ಸುಗುಣಮ್ಮನ ಕೈಯಿಂದ ಮಗುವನ್ನು ತೆಗೆದುಕೊಂಡು ಒಳಗೆ ಹೋದಳು. ಮುದುಕಿಯನ್ನು ಮಲಗಿಸಿದ್ದ ಜಾಗದಲ್ಲಿ ಉರಿಯುತ್ತಿದ್ದ ದೀಪದ ಮುಂದೆ ಮಗುವನ್ನು ಕೂರಿಸಿ, ಅದರ ಎರಡೂ ಕೈಗಳನ್ನು ತನ್ನ ಕೈಯೊಳಗೆ ಜೋಡಿಸಿ ಹಿಡಿದಳು.

"ಇದ್ಕೇನಾ ಅತ್ತೆಮ್ಮ ನಮ್ಮನ್ನ ಕರ್ಸ್ಕಂಡಿದ್ದು?" ಎಂದಳು.